ಮಾರಿಲೂಸಿಯಾ ನೋಡಲೆಂದು ಸಿಂಗರಿಸಿದ ಪುಟ

೧೪ ಸೆಪ್ಟೆಂಬರ್ ೨೦೦೯, ಸೋಮವಾರ

ಮಾರಿಲೂಸಿಯಾ ಮನೆ ಬಿಟ್ಟುಹೋಗಿ ಇವತ್ತಿಗೆ ಇಪ್ಪತ್ತಾರು ದಿನ. ಕಾರಣವೇನೂ ಇಲ್ಲ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ನಾನು ಅವಳ ಮೇಲೆ ಕೈ ಎತ್ತಿದವನಲ್ಲ, ಕುಡಿದು ಬಂದವನಲ್ಲ, ಇನ್ನೊಬ್ಬಳ ಕಡೆ ತಿರುಗಿ ನೋಡಿದವನಲ್ಲ. ದನಿ ಏರಿಸಿ ಮಾತಾಡಿದವನೂ ಅಲ್ಲ. ನಿಜ ಹೇಳಬೇಕೆಂದರೆ ದನಿ ಇಳಿಸಿಯೂ ಹೆಚ್ಚು ಮಾತಾಡಿದವನಲ್ಲ. ಇಂಥ ಗಂಡನನ್ನು ಬಿಟ್ಟು ಆರು ಬೀದಿ ಆಚೆ ಅಕ್ಕ ಇವೊನೆಟಿಯ ಮನೆಯಲ್ಲಿ ಹೋಗಿ ಕೂತಿದ್ದಾಳೆ.

ಇವತ್ತು ವಲ್ದೊಮೀರು ತನ್ನ ಲಾರಿಗೆ ಬಣ್ಣ ಬಳಿಸಲು ಬಂದಿದ್ದ. ಹಿಂದಿನ ಹಲಗೆಯ ಮೇಲೆ ಹೆಂಡತಿಯ ಹೊಗಳಿಕೆ ಬರೆಸಬೇಕಂತೆ. ಬರೆದುಕೊಟ್ಟೆ. ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ಕೂತು ನನ್ನ ಸಂಸಾರದಲ್ಲಿ ಮೂಗು ತೂರಿಸಿದ.

“ಅದೆನಿಲ್ಸನ್, ನೀನು ಆರ್ಕುಟ್‌ನಲ್ಲಿ ಇದೀಯಾ?”

“ಇಲ್ಲ.”

“ಅವಳಿದಾಳೆ ಕಣೋ. ನನ್ನ ಹೆಂಡ್ತಿ ನೋಡಿದ್ಲು. ನೀನೂ ಒಂದು ಪುಟ ಮಾಡ್ಕೋ. ಜುಮ್ ಅಂತ ಇರ್ಬೇಕು. ‘ಅಯ್ಯೋ, ನಾನಿಲ್ದೇನೇ ಇವನು ಇಷ್ಟು ಮಜವಾಗಿದಾನಲ್ಲ’ ಅಂತ ಹೊಟ್ಟೆ ಉರ್ಕೊಂಡು ವಾಪಸ್ ಬರ್ತಾಳೆ. ನನ್ನ ಭಾವಮೈದುನನ ಹೆಂಡ್ತಿ ಹಾಗೇ ಬಂದಿದ್ದು.”

ಅವನ ಭಾವಮೈದುನನ ಹೆಂಡತಿ ಬಂದದ್ದು ಹೊಲಿಗೆ ಯಂತ್ರ ತೆಗೆದುಕೊಂಡು ಹೋಗಲಿಕ್ಕೆ ಎಂದು ನಮ್ಮ ಇತಬಯಾನ ಊರಿಗೆಲ್ಲ ಗೊತ್ತು. ಆದರೂ ಮಾತಿನಲ್ಲಿ ಹುರುಳಿದೆ ಅನ್ನಿಸಿತು. ಸಿಂಗಾರವೇ ನನ್ನ ಕಸುಬು. ಈ ಊರಿನಿಂದ ಹೊರಡುವ ಲಾರಿಗಳಲ್ಲಿ ಅರ್ಧಕ್ಕೆ ಬಳ್ಳಿ, ಸುರುಳಿ, ಅಕ್ಷರ ಬರೆದವನು ನಾನು. ಮೂವತ್ತು ಅಡಿ ಉದ್ದದ ಲಾರಿಯನ್ನೇ ಮದುಮಗಳ ಹಾಗೆ ಸಿಂಗರಿಸುವವನಿಗೆ ಗೇಣುದ್ದದ ಒಂದು ಪುಟ ಯಾವ ಲೆಕ್ಕ? ಕ್ರಿಸ್‌ಮಸ್ಸಿಗೆ ಮೊದಲು ಅವಳು ಈ ಮನೆಯ ಊಟದ ಮೇಜಿಗೆ ವಾಪಸ್ ಬರಬೇಕು. ಬಂದೇ ಬರುತ್ತಾಳೆ.

ಕೆಲಸದ ಲೆಕ್ಕ ಇರಲಿ ಎಂದು ಇದನ್ನು ಬರೆದಿಡುತ್ತಿದ್ದೇನೆ. ಅವಳು ಬಿಟ್ಟುಹೋದ ನೋಟ್‌ಬುಕ್ಕು ಇದು. ಮುಂದಿನ ಅರ್ಧದಲ್ಲಿ ಅವಳ ಸಂಜೆ ಶಾಲೆಯ ಪಾಠಗಳಿವೆ. ಅದನ್ನು ನಾನು ಓದಿಲ್ಲ, ಹಿಂದಿನಿಂದ ಬರೆಯುತ್ತಿದ್ದೇನೆ.

೧೬ ಸೆಪ್ಟೆಂಬರ್, ಬುಧವಾರ

ದೋನಾ ಜುಲೇದಿಯವರ ಸೈಬರ್ ಅಂಗಡಿಗೆ ಹೋಗಿದ್ದೆ. ಮೂರನೇ ಕ್ಲಾಸಿನಲ್ಲಿ ನನಗೆ ಪಾಠ ಹೇಳಿದವರು. ನಿವೃತ್ತಿಯ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಆರು ಕಂಪ್ಯೂಟರ್ ಇಟ್ಟುಕೊಂಡಿದ್ದಾರೆ. ಈಗಲೂ ಯಾರಾದರೂ ಜೋರಾಗಿ ಮಾತಾಡಿದರೆ ಮೇಜಿನ ಮೇಲೆ ಅಡಿಕೋಲು ಬಡಿಯುತ್ತಾರೆ.

ಪುಟ ತೆರೆದುಕೊಂಡಿತು. ನನಗೆ ನಿಜವಾಗಿ ಬೇಸರವಾಯಿತು. ಎಲ್ಲ ಕಡೆ ತೆಳು ನೀಲಿ, ಆಸ್ಪತ್ರೆಯ ಗೋಡೆಯ ಬಣ್ಣ. ನಡುವೆ ಅಷ್ಟಗಲ ಬೋಳು ಜಾಗ. ಅಂಗೈಗಿಂತ ಅಗಲವಾದ ಹಲಗೆಯನ್ನು ಬೋಳಾಗಿ ಬಿಡಬಾರದೆಂದು ನನ್ನ ಗುರು ಹೇಳಿಕೊಟ್ಟಿದ್ದರು. ಇದನ್ನು ಮಾಡಿದವರಿಗೆ ಅಂಥ ಗುರು ಸಿಕ್ಕಿರಲಿಲ್ಲ.

ಹೆಸರಿನಿಂದ ಶುರು ಮಾಡಿದೆ. ಕೀಲಿಮಣೆಯಲ್ಲಿ ಎಷ್ಟೊಂದು ಚಿಹ್ನೆಗಳಿವೆ, ಯಾರೂ ಮುಟ್ಟುವುದಿಲ್ಲ. ನಕ್ಷತ್ರ, ಅಲೆ, ಬಾಣ, ಕಂಬ. ಒಂದು ಗಂಟೆ ನಲವತ್ತು ನಿಮಿಷ ಕೂತು ಹೆಸರಿನ ಎರಡು ಕಡೆಯೂ ಬಳ್ಳಿ ಹಬ್ಬಿಸಿದೆ, ಅಕ್ಷರ ಅಕ್ಷರದ ನಡುವೆ ಚುಕ್ಕಿ ಇಟ್ಟೆ. ದೋನಾ ಜುಲೇದಿ ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದರು.

“ಮಗನೇ, ಇದರಲ್ಲಿ ನಿನ್ನ ಹೆಸರೆಲ್ಲಿ?”

“ಮಧ್ಯದಲ್ಲಿದೆ, ದೋನಾ.”

“ನಿನ್ನನ್ನ ಹುಡುಕೋರು ಬರೀ ‘ಅದೆನಿಲ್ಸನ್’ ಅಂತ ಬರೆದು ಹುಡುಕ್ತಾರೆ ಕಣೋ. ಈ ಕಾಡಲ್ಲಿ ನೀನು ಯಾರ ಕೈಗೂ ಸಿಗಲ್ಲ.”

ಎರಡು ಕಡೆಯಿಂದಲೂ ಎರಡೆರಡು ನಕ್ಷತ್ರ ಕಿತ್ತೆ. ಅದಕ್ಕಿಂತ ಹೆಚ್ಚಿಗೆ ಆಗುವುದಿಲ್ಲ ಅಂದೆ. ಆಮೇಲೆ ಫೋಟೊ ಹಾಕಿದೆ. ವಲ್ದೊಮೀರುವಿನ ಮೋಟರ್ ಸೈಕಲ್ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದೇನೆ, ದೂರಕ್ಕೆಲ್ಲೋ ನೋಡುತ್ತಿದ್ದೇನೆ. ಬಹಳ ಚೆನ್ನಾಗಿ ಬಂದಿದೆ. ಬೈಕಿಗೆ ಸ್ಟ್ಯಾಂಡ್ ಹಾಕಿರುವುದು ಮಾತ್ರ ಕಾಣುತ್ತದೆ.

೨೨ ಸೆಪ್ಟೆಂಬರ್, ಮಂಗಳವಾರ

‘ನಾನು ಯಾರು’ ಎಂದು ಒಂದು ಜಾಗವಿದೆ, ಅಲ್ಲಿ ಬರೆದುಕೊಳ್ಳಬೇಕು. ನಾನು ಬರೆದೆ: ಸಂತೋಷದ ಮನುಷ್ಯ. ಸ್ವತಂತ್ರ ಜೀವಿ. ಸಮುದ್ರವೆಂದರೆ ಪ್ರಾಣ. ಗೆಳೆಯರ ಜೊತೆ ಹರಟೆ ಹೊಡೆಯುವುದು ಹವ್ಯಾಸ.

ದೋನಾ ಜುಲೇದಿ ಓದಿ, “ಸಮುದ್ರಕ್ಕೆ ಹೋಗಿ ಎಷ್ಟು ವರ್ಷ ಆಯ್ತು?” ಅಂದರು.

“ಆರು.”

“ಹರಟೆ ಹೊಡೆದು?”

ಈ ಹೆಂಗಸಿಗೆ ಅಂಗಡಿ ನೋಡಿಕೊಳ್ಳುವುದಕ್ಕಿಂತ ಗಿರಾಕಿಗಳ ಪುಟ ತಿದ್ದುವುದೇ ಕೆಲಸ.

ಇಲ್ಲಿ ಗುಂಪುಗಳಿವೆ. ಸೇರುವುದು ಅಲ್ಲಿ ಮಾತಾಡಲಿಕ್ಕಲ್ಲ, ಗುಂಪಿನ ಹೆಸರು ನಮ್ಮ ಪುಟದ ಬಲಗಡೆ ಕಾಣಲಿ ಎಂದು. ‘ಒಬ್ಬನೇ ಇದ್ದೇನೆ, ಆರಾಮಾಗಿದ್ದೇನೆ’ ಎಂಬುದಕ್ಕೆ ಸೇರಿದೆ. ‘ನನ್ನ ಅಡುಗೆ ನಾನೇ ಮಾಡ್ಕೋತೀನಿ’ ಎಂಬುದಕ್ಕೂ ಸೇರಿದೆ. ಒಂಬತ್ತು ದಿನದಿಂದ ಮೊಟ್ಟೆ ಮತ್ತು ಜೋಳದ ಹಿಟ್ಟಿನ ಕುಸ್ಕುಸ್ ತಿನ್ನುತ್ತಿದ್ದೇನೆ, ಆ ಮಾತು ಬೇರೆ.

ಆಮೇಲೆ ಸುಮ್ಮನೆ ಅವಳ ಪುಟವನ್ನೂ ನೋಡಿದೆ. ಬಣ್ಣವಿಲ್ಲ, ಚಿಹ್ನೆಯಿಲ್ಲ, ಹೆಸರನ್ನು ಬರಿದಾಗಿ ಬರೆದುಕೊಂಡಿದ್ದಾಳೆ. ಹತ್ತೊಂಬತ್ತು ವರ್ಷ ನನ್ನ ಜೊತೆ ಬದುಕಿ ಇಷ್ಟೂ ಕಲಿತಿಲ್ಲ. ಫೋಟೊದಲ್ಲಿ ಸಂಜೆ ಶಾಲೆಯ ಹೆಂಗಸರ ನಡುವೆ ನಗುತ್ತಿದ್ದಾಳೆ, ಹಲ್ಲೆಲ್ಲ ಕಾಣುವ ಹಾಗೆ. ಅವಳು ಸೇರಿದ ಗುಂಪು ಒಂದೇ: ‘ನಾನು ಹೇಳಿದ್ದು ಗೋಡೆಗೆ ಕೇಳಿಸಿತು, ಗಂಡನಿಗಲ್ಲ.’ ಹನ್ನೊಂದು ಸಾವಿರ ಹೆಂಗಸರಿದ್ದಾರೆ ಅದರಲ್ಲಿ. ಪಾಪ, ಇಷ್ಟೊಂದು ಗಂಡಸರಿಗೆ ಕಿವಿ ಮಂದವೇ ಅನ್ನಿಸಿತು. ಶಾಲೆಯ ಯಾರೋ ಗೆಳತಿಯ ಒತ್ತಾಯಕ್ಕೆ ಸೇರಿರಬೇಕು.

೩ ಅಕ್ಟೋಬರ್, ಶನಿವಾರ

ಪುಟಕ್ಕೆ ಹಿನ್ನೆಲೆಯ ಬಣ್ಣ ಬದಲಿಸಬಹುದಂತೆ. ಇಷ್ಟು ದಿನ ಯಾರೂ ಹೇಳಲಿಲ್ಲ. ತೆಗೆದು ನೋಡಿದರೆ ಎಲ್ಲ ತಯಾರಿ ಮಾಲು: ಚಿಟ್ಟೆ, ಹಿಮ, ಚಂದ್ರ. ಲಾರಿಗಳಿಗೆ ಈಗ ಅಂಟಿಸುತ್ತಾರಲ್ಲ ಪ್ಲಾಸ್ಟಿಕ್ ಸ್ಟಿಕ್ಕರು, ಅದೇ ಜಾತಿ. ಆ ಸ್ಟಿಕ್ಕರಿನವರು ನನ್ನ ಕೆಲಸ ಅರ್ಧ ತಿಂದಿದ್ದಾರೆ. ಅದನ್ನು ನನ್ನ ಪುಟಕ್ಕೇ ಅಂಟಿಸುವುದೇ ಎಂದು ಮೂರು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಕೆಂಪು ಆರಿಸಿದೆ. ಕೆಂಪು ಆರು ಬೀದಿ ಆಚೆಗೂ ಕಣ್ಣಿಗೆ ಹೊಡೆಯುತ್ತದೆ.

ಗೆಳೆಯರು ನಮಗೆ ಹೃದಯದ ಗುರುತು ಒತ್ತಬಹುದು. ನನಗೆ ಒಂದು ಬಂದಿದೆ. ಅವಳು ನನ್ನ ಗೆಳೆಯರ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಅವಳಲ್ಲ. ಇಡೀ ಮಧ್ಯಾಹ್ನ ಯಾರಿರಬಹುದೆಂದು ಖುಷಿಯಿಂದ ಯೋಚಿಸಿದೆ. ಸಂಜೆ ವಲ್ದೊಮೀರು ಸಿಕ್ಕಿ, “ನಿನ್ನ ಪುಟ ಬಣಬಣ ಅಂತಿತ್ತು, ನಾನೇ ಒಂದು ಒತ್ತಿದೆ” ಅಂದ.

೧೩ ಅಕ್ಟೋಬರ್, ಮಂಗಳವಾರ

ಹೆಸರು ಬಂದುಬಿಟ್ಟಿದೆ. ಹಲ್ಲಿನ ಡಾಕ್ಟರು, ಬೇಕರಿಯ ಇಬ್ಬರು ಸೊಸೆಯಂದಿರು, ಪೊಲೀಸ್ ಠಾಣೆಯ ಗುಮಾಸ್ತ, ಎಲ್ಲರೂ ತಮ್ಮ ಹೆಸರಿಗೂ ಬಳ್ಳಿ ಹಾಕಿಕೊಡು ಎಂದು ಬರುತ್ತಿದ್ದಾರೆ. ದೋನಾ ಜುಲೇದಿ ನನಗೆ ಕಿಟಕಿ ಪಕ್ಕದ ಕಂಪ್ಯೂಟರನ್ನೇ ಖಾಯಂ ಮಾಡಿದ್ದಾರೆ. ಬೇಯಿಸಿದ ಕಡಲೆಕಾಯಿಯೂ ಕೊಡುತ್ತಾರೆ.

ಲೂಸಿಯಾಳ ಪುಟಕ್ಕೆ ದಿನಕ್ಕೆ ಐದಾರು ಸಲ ಹೋಗುತ್ತೇನೆ. ಬೆಳಿಗ್ಗೆ ಒಂದು ಸಲ, ಊಟಕ್ಕೆ ಮೊದಲು, ಊಟದ ನಂತರ, ಆಮೇಲೆ ಬಣ್ಣ ಒಣಗುವ ಹೊತ್ತಿನಲ್ಲಿ. ಏನೂ ಬರೆಯದೆ, ಏನೂ ಮುಟ್ಟದೆ, ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಬರುತ್ತೇನೆ. ಅವಳಿಗೆ ಸುಳಿವೂ ಇಲ್ಲ. ಅವಳು ಇನ್ನೂ ನನ್ನ ಪುಟಕ್ಕೆ ಬಂದ ಸುದ್ದಿಯಿಲ್ಲ, ಆದರೆ ಹೊಟ್ಟೆ ಉರಿಯಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ನನ್ನ ಪುಟದಲ್ಲಿ ಒಂದೇ ಜಾಗ ಇನ್ನೂ ಬೋಳು. ಅದು ಹೊಗಳಿಕೆಯ ಜಾಗ. ನಮ್ಮ ಬಗ್ಗೆ ಬೇರೆಯವರು ಒಳ್ಳೆಯ ಮಾತು ಬರೆದು ಕಳಿಸಬೇಕು, ನಾವು ‘ಒಪ್ಪಿದೆ’ ಎಂದು ಒತ್ತಿದರೆ ಅದು ಪುಟದ ಮೇಲೆ ಎಲ್ಲರಿಗೂ ಕಾಣುತ್ತದೆ. ನಾನೇ ಬರೆದುಕೊಳ್ಳಲು ಬರುವುದಿಲ್ಲ, ನೋಡಿದೆ.

೨೦ ಅಕ್ಟೋಬರ್, ಮಂಗಳವಾರ

ಇವತ್ತು ದೋನಾ ಜುಲೇದಿ ನನ್ನ ಹೆಗಲ ಮೇಲಿಂದ ಬಗ್ಗಿ, “ಮಗನೇ, ಮತ್ತೆ ಅವಳ ಪುಟಕ್ಕೆ ಹೋದ್ಯಾ?” ಅಂದರು.

“ಸುಮ್ನೆ ನೋಡೋಕೆ. ಅವಳಿಗೇನು ಗೊತ್ತಾಗುತ್ತೆ?”

“ಯಾರ್ ಯಾರು ಬಂದು ನೋಡಿದ್ರು ಅಂತ ಅವಳ ಪುಟದಲ್ಲೇ ಪಟ್ಟಿ ಬರುತ್ತಲ್ಲೋ. ನಿನ್ನ ಪುಟದಲ್ಲೂ ಬರುತ್ತೆ. ಇಲ್ನೋಡು, ಕೆಳಗಡೆ. ನೀನು ಅದರ ಮೇಲೇ ಬಳ್ಳಿ ಅಂಟಿಸ್ಕೊಂಡಿದೀಯ.”

ತೆಗೆದು ನೋಡಿದೆ. ನಿಜ. ಒಂದು ತಿಂಗಳಿನಿಂದ, ದಿನಕ್ಕೆ ಆರು ಸಲ, ನಕ್ಷತ್ರ ಚುಕ್ಕಿಗಳ ಸಮೇತ ನನ್ನ ಹೆಸರು ಅವಳ ಪುಟದಲ್ಲಿ ಬಂದು ಕೂತಿದೆ. ಬೇರೆ ಯಾರ ಹೆಸರೂ ಅಷ್ಟು ಎದ್ದು ಕಾಣುವುದಿಲ್ಲ.

೨೧ ಅಕ್ಟೋಬರ್, ಬುಧವಾರ

ಅಂಗಡಿಗೆ ಹೋಗಲಿಲ್ಲ.

೨ ನವೆಂಬರ್, ಸೋಮವಾರ

ಇವತ್ತು ಸತ್ತವರ ಹಬ್ಬ. ಅಮ್ಮನ ಸಮಾಧಿಗೆ ಹೂ ಇಡಲು ಹೋಗಿದ್ದೆ. ನಾಲ್ಕು ಸಾಲು ಆಚೆ ಲೂಸಿಯಾ, ಅವಳಕ್ಕ ಇವೊನೆಟಿ, ಇವೊನೆಟಿಯ ಗಂಡ ಕ್ಲೊವಿಸ್, ಮೂವರೂ ಅವರಮ್ಮನ ಸಮಾಧಿ ತೊಳೆಯುತ್ತಿದ್ದರು. ಅಂದರೆ ಇಬ್ಬರು ತೊಳೆಯುತ್ತಿದ್ದರು, ಕ್ಲೊವಿಸ್ ನೆರಳಲ್ಲಿ ನಿಂತು ನೀರು ಎಲ್ಲಿ ಸುರಿಯಬೇಕೆಂದು ತೋರಿಸುತ್ತಿದ್ದ. ತಪ್ಪಿಸಿಕೊಳ್ಳುವ ಹೊತ್ತಿಗೆ ಲೂಸಿಯಾ ಬಕೆಟ್ಟು ಹಿಡಿದುಕೊಂಡು ನಲ್ಲಿಯ ಹತ್ತಿರ ಬಂದುಬಿಟ್ಟಳು.

“ಚೆನ್ನಾಗಿದೀಯಾ, ನಿಲ್ಸು?”

ತಲೆ ಆಡಿಸಿದೆ.

“ಆ ಬೈಕು ವಲ್ದೊಮೀರುದು ಅಲ್ವಾ?”

ಏನೋ ಹೇಳಬೇಕೆಂದುಕೊಂಡೆ. ನಲ್ಲಿ ತಿರುಗಿಸಿ ಕೊಟ್ಟೆ. ಅವಳು ಬಕೆಟ್ಟು ತುಂಬುವವರೆಗೆ ನಿಂತಿದ್ದಳು, ತುಂಬಿದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದಳು, ಆಮೇಲೆ ಹೋದಳು.

ಮನೆಗೆ ಬಂದ ಮೇಲೆ ಕೆಲಸಕ್ಕೆ ಮನಸ್ಸಾಗಲಿಲ್ಲ. ಕಾರಣವಿಲ್ಲದೆ ಹೋದಳೆಂದು ಮೊದಲ ದಿನ ಬರೆದಿದ್ದೆ. ಪೂರ್ತಿ ಕಾರಣವಿಲ್ಲದೆ ಅಲ್ಲ. ಹೋದ ವರ್ಷ ಅವಳು ಸಂಜೆ ಶಾಲೆ ಸೇರುತ್ತೇನೆ, ನಿಂತುಹೋದ ಓದು ಮುಗಿಸುತ್ತೇನೆ ಅಂದಳು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಬೇಡ ಅಂದಿದ್ದರೆ ಜಗಳವಾಡುತ್ತಿದ್ದಳು, ಸರಿ ಅಂದಿದ್ದರೆ ಸಂಜೆಯೆಲ್ಲ ನಾನೊಬ್ಬನೇ ಕೂರಬೇಕಿತ್ತು. ಸುಮ್ಮನಿದ್ದೆ. ಅವಳು ಸೇರಿದಳು. ಹಗಲಿಡೀ ಶಿಶುವಿಹಾರದ ಅಡುಗೆಮನೆಯಲ್ಲಿ ದುಡಿದು, ಸಂಜೆ ಶಾಲೆಗೆ ಹೋಗಿ, ಬಂದು ಊಟದ ಮೇಜಿನಲ್ಲಿ ಆ ದಿನ ಕಲಿತದ್ದನ್ನೆಲ್ಲ ಹೇಳುತ್ತಿದ್ದಳು. ನಾನು ಊಟ ಮಾಡುತ್ತಿದ್ದೆ. ಆಗಸ್ಟ್ ತಿಂಗಳ ಒಂದು ದಿನ ತಟ್ಟನೆ ನಿಲ್ಲಿಸಿ, “ಈಗ ನಾನು ಏನು ಹೇಳಿದೆ?” ಅಂದಳು. ಹುರುಳಿಕಾಯಿಯ ಬಗ್ಗೆ ಏನೋ ಅಂದೆ. ತಟ್ಟೆಯಲ್ಲಿದ್ದದ್ದು ಹುರುಳಿಕಾಯಿ. ಅವಳು ಹೇಳುತ್ತಿದ್ದದ್ದು ಕಪ್ಪೆಯ ಹೃದಯದ ಬಗ್ಗೆ.

ಅಷ್ಟಕ್ಕೆ ಯಾರಾದರೂ ಮನೆ ಬಿಡುತ್ತಾರೆಯೇ? ಮರುದಿನ ಬಿಟ್ಟಳು.

೫ ನವೆಂಬರ್, ಗುರುವಾರ

ನನ್ನ ಪುಟದಲ್ಲಿ ಅವಳದೊಂದು ಸಂದೇಶ. ತನ್ನ ಗೆಳೆಯರ ಪಟ್ಟಿಗೆ ನನ್ನನ್ನು ಕರೆದಿದ್ದಾಳೆ. ಜೊತೆಗೆ ಒಂದು ಸಾಲು: “ನೀನು ದಿನಾ ಬಾಗಿಲ ಹೊರಗೆ ನಿಂತು ಹೋಗ್ತಿದ್ದೆ, ಈಗ ಅದೂ ಇಲ್ಲ. ಹುಷಾರಿಲ್ವಾ? ಒಳಗೇ ಬಾ.”

ಉತ್ತರವಾಗಿ ಏನು ಬರೆಯುವುದೆಂದು ಒಂದು ಗಂಟೆ ಯೋಚಿಸಿದೆ. “ಹುಷಾರಾಗಿದ್ದೇನೆ. ಬೈಕು ಅವನದೇ” ಎಂದು ಬರೆದೆ. ಕಪ್ಪು ಕನ್ನಡಕದ ಫೋಟೊ ತೆಗೆದೆ. ಬೆಳಕು ಸರಿಯಿರಲಿಲ್ಲ ಅದರಲ್ಲಿ.

೧೮ ನವೆಂಬರ್, ಬುಧವಾರ

ಕೆಲಸವಿಲ್ಲದ ದಿನ. ನೋಟ್‌ಬುಕ್ಕನ್ನು ತಿರುಗಿಸಿ ಮುಂದಿನ ಅರ್ಧ ಓದಿದೆ. ಅವಳ ಅಕ್ಷರ ಬಲಕ್ಕೆ ವಾಲುತ್ತದೆ, ಎಲ್ಲಿಗೋ ಹೊರಟವರ ಅವಸರ ಅದರಲ್ಲಿದೆ. ಕಪ್ಪೆಯ ಹೃದಯಕ್ಕೆ ಮೂರೇ ಕೋಣೆ, ನಮಗೆ ನಾಲ್ಕು. ಚಿತ್ರ ಬರೆದಿದ್ದಾಳೆ, ಗೆರೆ ಸ್ವಲ್ಪ ನಡುಗಿದೆ. ಪಕ್ಕದಲ್ಲಿ ಸಣ್ಣದಾಗಿ ‘ನಿಲ್ಸುಗೆ ಹೇಳಬೇಕು’ ಎಂದು ಬರೆದುಕೊಂಡಿದ್ದಾಳೆ. ಅದೇ ಮಾತು ಇನ್ನೂ ಹನ್ನೆರಡು ಪುಟಗಳಲ್ಲಿ ಇದೆ, ಎಣಿಸಿದೆ.

ಮಧ್ಯಾಹ್ನ ಪುಟದಲ್ಲಿ ‘ಹರಟೆ ಹವ್ಯಾಸ’ ಎಂಬುದನ್ನು ಅಳಿಸಿದೆ. ಸಮುದ್ರವನ್ನೂ ಅಳಿಸಿದೆ. ‘ಒಬ್ಬನೇ ಇದ್ದೇನೆ, ಆರಾಮಾಗಿದ್ದೇನೆ’ ಗುಂಪು ಬಿಟ್ಟೆ. ಬಲಗಡೆ ಬಹಳ ಗಿಜಿಗುಟ್ಟುತ್ತಿತ್ತು, ಅದಕ್ಕೆ.

ಹೊಗಳಿಕೆಯ ಜಾಗ ಮಾತ್ರ ಹಾಗೇ ಬೋಳಾಗಿದೆ. ಹಲ್ಲಿನ ಡಾಕ್ಟರಿಗೆ ಹದಿನಾಲ್ಕು ಬಂದಿವೆ. ಆ ಮನುಷ್ಯನ ಹತ್ತಿರ ಹಲ್ಲು ಕೀಳಿಸಿಕೊಂಡವರು ಹೊಗಳುವುದು ನಾನು ಬೇರೆಲ್ಲೂ ಕೇಳಿಲ್ಲ.

೪ ಡಿಸೆಂಬರ್, ಶುಕ್ರವಾರ

ಲೂಸಿಯಾ ನನಗೆ ಹೊಗಳಿಕೆಯ ಜಾಗದಲ್ಲಿ ಬರೆದು ಕಳಿಸಿದ್ದಾಳೆ.

ಅದು ಹೊಗಳಿಕೆಯಲ್ಲ. ನಮ್ಮ ಊರಿನಲ್ಲಿ ಗುಟ್ಟು ಹೇಳಬೇಕಾದವರೆಲ್ಲ ಆ ಜಾಗದಲ್ಲೇ ಬರೆಯುತ್ತಾರೆ, ಏಕೆಂದರೆ ಅದು ಮೊದಲು ನಮಗೊಬ್ಬರಿಗೇ ಕಾಣುತ್ತದೆ. ಮೇಲೆ ‘ಒಪ್ಪಬೇಡ’ ಎಂದು ಬರೆದಿರುತ್ತಾರೆ. ಓದಿ ಅಳಿಸಬೇಕು. ಊರಿನ ಅರ್ಧ ಗುಟ್ಟು ಹೀಗೆ ಸಾಗುತ್ತದೆ, ಇನ್ನರ್ಧ ಹೀಗೇ ಬಯಲಾಗುತ್ತದೆ.

ಅವಳು ಬರೆದದ್ದು ಇದು:

“ಒಪ್ಪಬೇಡ. ಓದಿ ಅಳಿಸು. ಹತ್ತೊಂಬತ್ತನೇ ತಾರೀಕು ಶನಿವಾರ ಬೆಳಿಗ್ಗೆ ನಮಗೆ ಸರ್ಟಿಫಿಕೇಟ್ ಕೊಡ್ತಾರೆ. ಒಬ್ಬೊಬ್ಬರಿಗೆ ಎರಡೇ ಕಾರ್ಡು. ಒಂದು ಅಕ್ಕನಿಗೆ. ಇನ್ನೊಂದು ಕ್ಲೊವಿಸ್‌ಗೆ ಅಂತ ಅಕ್ಕ ಅಂದ್ಕೊಂಡಿದಾಳೆ. ಅವನು ನಮ್ಮ ಕ್ಲಾಸನ್ನ ಮುದುಕಿಯರ ಅಂಗನವಾಡಿ ಅಂತಾನೆ. ಅವನು ಬಂದು ಕೂರೋದು ನಂಗೆ ಬೇಡ. ನೀನು ಬಾ. ನೀನು ಮಾತಾಡಲ್ಲ ನಿಜ, ಆದ್ರೆ ನಗಲ್ಲ. ಅವರಿಗೆ ನಾನೇ ಸಮಯ ನೋಡಿ ಹೇಳ್ತೀನಿ. ನೀನು ಯಾರಿಗೂ ಹೇಳ್ಬೇಡ.”

ಮೂರು ಸಲ ಓದಿದೆ. ಕೆಂಪು ಹಿನ್ನೆಲೆಯ ಮೇಲೆ ಅದು ಹೇಗೆ ಕಾಣಬಹುದೆಂದು ಸುಮ್ಮನೆ ಯೋಚಿಸಿದೆ. ಇನ್ನೊಂದು ಸಲ ಓದಿದೆ. ‘ಒಪ್ಪಿದೆ’, ‘ಅಳಿಸು’ ಎಂಬ ಎರಡು ಗುಂಡಿಗಳು ಒಂದರ ಪಕ್ಕ ಒಂದು ಇರುತ್ತವೆ. ಬೆರಳು ಜಾರಿತು.

ದೋನಾ ಜುಲೇದಿ ಅಂಗಡಿ ಮುಚ್ಚುವ ಹೊತ್ತಾಗಿತ್ತು. ಸೋಮವಾರ ತೆಗೆದರಾಯಿತು. ಎರಡು ದಿನದಲ್ಲಿ ಯಾರು ನೋಡುತ್ತಾರೆ.

೭ ಡಿಸೆಂಬರ್, ಸೋಮವಾರ

ಎಲ್ಲರೂ ನೋಡಿದ್ದಾರೆ. ಬಳ್ಳಿ ಹಾಕಿಸಿಕೊಂಡ ಅಷ್ಟೂ ಜನ ಬಂದು ನೋಡುವ ಪುಟ ನನ್ನದು. ಮರೆತಿದ್ದೆ.

ಬೆಳಿಗ್ಗೆ ಎಂಟಕ್ಕೆ ಲೂಸಿಯಾ ನನ್ನ ಬಣ್ಣದ ಕಾರ್ಖಾನೆಗೆ ಬಂದಳು. ಶಿಶುವಿಹಾರದ ಬಿ‍ಳಿ ಟೋಪಿ ತಲೆಯ ಮೇಲೇ ಇತ್ತು. ನಾನು ಲಾರಿಯ ಪಕ್ಕದ ಹಲಗೆಗೆ ಗೆರೆ ಎಳೆಯುತ್ತಿದ್ದೆ.

“ನಿಲ್ಸು, ಮೊದಲನೇ ಪದಾನೇ ‘ಒಪ್ಪಬೇಡ’ ಅಂತ ಬರೆದಿದ್ದೆ.”

“ಬೆರಳು ಜಾರಿತು.”

“ನಿನ್ನ ಬೆರಳಾ? ಕೂದಲಿನಷ್ಟು ಗೆರೆ ಎಳೆಯೋ ಬೆರಳು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ಜಾರಿದ್ದು ನಾನು ಕಾಣೆ.”

ನಾನು ಕುಂಚ ಒರೆಸಿದೆ. ಅವಳು ಕಾದಳು. ಆ ಕಾಯುವಿಕೆ ನನಗೆ ಗೊತ್ತು, ಅದು ಮುಗಿಯುವವರೆಗೆ ಸುಮ್ಮನಿದ್ದರೆ ಎದ್ದು ಹೋಗುತ್ತಾಳೆ, ಆಮೇಲೆ ಕೆಲಸ ಮುಂದುವರಿಸಬಹುದು. ಅವಳು ಹೋಗಲು ತಿರುಗಿದಳು.

“ಜಾರಲಿಲ್ಲ,” ಅಂದೆ. “ಒತ್ತಿದೆ.”

“ಯಾಕೆ?”

“‘ನೀನು ಬಾ’ ಅಂತ ಬರೆದಿದ್ಯಲ್ಲ, ಊರೆಲ್ಲ ಓದ್ಲಿ ಅಂತ. ಆ ಮನೇಲಿ ನಿಂಗೇನಾಗುತ್ತೆ ಅಂತ ಯೋಚಿಸ್ಲಿಲ್ಲ. ನನ್ನ ಪುಟ ಚೆನ್ನಾಗಿ ಕಾಣುತ್ತೆ ಅಂತ ಅಷ್ಟೇ ಯೋಚಿಸ್ದೆ.”

ಅವಳು ಬಣ್ಣದ ಡಬ್ಬದ ಮೇಲೆ ಕೂತಳು. ಕೂತು ಬೈದಳು. ಒಂದೂವರೆ ಗಂಟೆ ಬೈದಳು. ಒಬ್ಬ ಗಿರಾಕಿ ಬಂದು, ನಿಂತು, ಸ್ವಲ್ಪ ಕೇಳಿಸಿಕೊಂಡು, ಮತ್ತೆ ಬರುತ್ತೇನೆಂದು ಹೋದ. ಬೈದದ್ದರಲ್ಲಿ ಇವು ಇದ್ದವು: ಕ್ಲೊವಿಸ್‌ನನ್ನು ಅವನ ಕಚೇರಿಯಲ್ಲಿ ಎಲ್ಲರೂ ಅಂಗನವಾಡಿ ಎಂದು ಕರೆಯುತ್ತಿದ್ದಾರೆ. ಇವೊನೆಟಿ ಎರಡು ದಿನದಿಂದ ಅಡುಗೆ ಮಾಡಿಲ್ಲ. ತನ್ನ ಸೂರಿನಡಿ ಇದ್ದು ತನ್ನನ್ನೇ ಆಡಿಕೊಂಡಳೆಂದು ಕ್ಲೊವಿಸ್ ಕೂಗಾಡಿದ್ದಾನೆ, ಅವನನ್ನು ಸಮಾಧಾನ ಮಾಡಲು ಆ ಕಾರ್ಡನ್ನು ಅವನಿಗೇ ಕೊಡಬೇಕಾಯಿತು. ೨೦೦೧ರಲ್ಲಿ ಅವಳ ಅಮ್ಮ ಸತ್ತಾಗ ನಾನು ಒಂದೇ ಒಂದು ಮಾತು ಆಡಿದ್ದೆ, ಅದು ‘ಬಸ್ಸು ಬಂತು’ ಎಂಬುದು. ನಾನು ಲಾರಿಗಳ ಹಿಂದೆ ಬರೆಯುವುದನ್ನು ಓದಿದ ಅಪರಿಚಿತರು ನನ್ನನ್ನು ದೊಡ್ಡ ಪ್ರೇಮಿ ಅಂದುಕೊಳ್ಳುತ್ತಾರೆ. ಇನ್ನೂ ಇವೆ. ಎಲ್ಲ ನೆನಪಿದೆ, ಕೈ ನೋಯುತ್ತಿದೆ ಅಷ್ಟೇ.

ಅಮ್ಮನ ವಿಷಯಕ್ಕೆ, ಆ ದಿನ ಬಾಯಿ ತೆರೆದರೆ ಅಳುತ್ತೇನೆಂದು ಹೆದರಿದ್ದೆ ಅಂದೆ. ಅವಳು, “ಇದನ್ನ ಎಂಟು ವರ್ಷ ಇಟ್ಕೊಂಡಿದ್ಯಾ?” ಎಂದು ಅದಕ್ಕೂ ಬೈದಳು.

ಹೋಗುವಾಗ, “ಈಗ ನೀನು ಬರೋ ಹಾಗಿಲ್ಲ. ಬಾಗಿಲಲ್ಲಿ ಕಾರ್ಡು ನೋಡ್ತಾರೆ” ಅಂದಳು.

ಮಧ್ಯಾಹ್ನ ಅದನ್ನು ಪುಟದಿಂದ ತೆಗೆದೆ. ಆ ಜಾಗ ಮತ್ತೆ ಬೋಳಾಯಿತು. ಅವಳು ನನ್ನನ್ನು ಕರೆದಿದ್ದಳು, ನಾನು ಅದನ್ನು ಗೋಡೆಗೆ ನೇತುಹಾಕಲು ಹೋಗಿ ಕಳೆದುಕೊಂಡೆ. ತುಂಬ ನಾಚಿಕೆಯಾಗುತ್ತಿದೆ.

೧೨ ಡಿಸೆಂಬರ್, ಶನಿವಾರ

ದೋನಾ ಜುಲೇದಿ ತಾವೇ ಕಾರ್ಖಾನೆಗೆ ಬಂದಿದ್ದರು. “ಐದು ದಿನ ಆಯ್ತು ಕಿಟಕಿ ಕಂಪ್ಯೂಟರ್ ಖಾಲಿ ಇದೆ. ಬೇಕರಿ ಸೊಸೆ ನಿನ್ನನ್ನೇ ಕೇಳ್ತಾ ಇದಾಳೆ,” ಅಂದರು. ಐದು ದಿನವಾಯಿತೆಂದು ನನಗೆ ಗೊತ್ತಿರಲಿಲ್ಲ. ಕ್ರಿಸ್‌ಮಸ್ ಹತ್ತಿರ ಬಂತು, ಲಾರಿ ಕೆಲಸ ಜಾಸ್ತಿ. ಅಲ್ಲದೆ ಸಂಜೆ ಹೊತ್ತು ಲೂಸಿಯಾ ಶಾಲೆಯಿಂದ ಹೊರಗೆ ಬರುವಾಗ ನಾನೂ ಅದೇ ದಾರಿಯಲ್ಲಿ ಬ್ರೆಡ್ಡಿಗೆ ಹೋಗಿರುತ್ತೇನೆ. ಇವೊನೆಟಿಯ ಬೀದಿಯ ಮೂಲೆಯವರೆಗೆ ಅವಳು ಮಾತಾಡುತ್ತಾಳೆ. ನಿನ್ನೆ ಪರೀಕ್ಷೆಯಲ್ಲಿ ಬಂದ ಒಂದು ಪ್ರಶ್ನೆಯ ಬಗ್ಗೆ ಅವಳು ಹೇಳಿದ್ದು ನನಗೆ ತಪ್ಪೆನ್ನಿಸಿತು, ಹೇಳಿದೆ. ಮೂಲೆಯಲ್ಲಿ ಅರ್ಧ ಗಂಟೆ ವಾದ ಮಾಡಿದೆವು. ಬ್ರೆಡ್ಡು ತರಲು ಮರೆತೆ.

೧೯ ಡಿಸೆಂಬರ್, ಶನಿವಾರ

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಳಿಗ್ಗೆ ಒಂಬತ್ತಕ್ಕೇ ಶಾಲೆಯ ಗೇಟಿನ ಹತ್ತಿರ ಹೋದೆ. ಒಳಗೆ ಬಿಡುವುದಿಲ್ಲವೆಂದು ಗೊತ್ತಿತ್ತು. ಕಡಲೆಕಾಯಿ ಮಾರುವವಳ ಪಕ್ಕ ನಿಂತುಕೊಂಡರೆ ಮೈಕಿನಲ್ಲಿ ಹೆಸರಾದರೂ ಕೇಳಿಸುತ್ತದೆ ಎಂದುಕೊಂಡೆ. ಅಲ್ಲಿಗೆ ಬಂದ ಎಲ್ಲರೂ ನನ್ನನ್ನು ಗುರುತಿಸಿದರು, ಕೆಲವರು ನಕ್ಕರು. ನಗಲಿ.

ಭಾಷಣಗಳು ಮುಗಿಯಲೇ ಇಲ್ಲ. ಆಮೇಲೆ ಹೆಸರು ಕೂಗಲು ಶುರು ಮಾಡಿದರು, ಅಕ್ಷರ ಕ್ರಮದಲ್ಲಿ. ‘ಸಿ’ಯಲ್ಲಿ ಇರುವಾಗ ಕ್ಲೊವಿಸ್ ಟೈ ಸಡಿಲಿಸುತ್ತ ಹೊರಗೆ ಬಂದ. ನನ್ನನ್ನು ಕಂಡು ಮುಖ ಗಂಟಿಕ್ಕಿದ. ಎದುರುಗಡೆ ಬಾರು ತೆರೆದಿತ್ತು. ಅದನ್ನು ನೋಡಿದ, ಕೈಗಡಿಯಾರ ನೋಡಿದ, ಮತ್ತೆ ನನ್ನನ್ನು ನೋಡಿದ.

“ಇನ್ನೂ ಐವತ್ತು ಹೆಸರಿದೆ ಮಾರಾಯ. ಒಳಗೆ ಫ್ಯಾನೂ ಇಲ್ಲ. ತಗೋ, ನೀನೇ ಹೋಗಿ ಬೇಯಿ,” ಎಂದು ಕಾರ್ಡನ್ನು ನನ್ನ ಕೈಗೆ ತುರುಕಿದ. “ಇದನ್ನೂ ಪುಟದಲ್ಲಿ ಹಾಕ್ಬೇಡ.”

ಒಳಗೆ ಹೋಗಿ ಕೂತೆ. ಪಕ್ಕದಲ್ಲಿದ್ದ ಇವೊನೆಟಿ ನನ್ನನ್ನು ನೋಡಿ ತನ್ನ ಕೈಚೀಲವನ್ನು ಇಬ್ಬರ ನಡುವೆ ಇಟ್ಟಳು. ಮಾರಿಲೂಸಿಯಾ ದೊಸ್ ಸಾಂತೊಸ್ ಎಂದು ಕೂಗಿದರು. ಕರಿ ನಿಲುವಂಗಿ ಹಾಕಿಕೊಂಡು ಮೆಟ್ಟಿಲು ಹತ್ತಿದಳು. ಉಳಿದವರ ಮನೆಯವರೆಲ್ಲ ಪೀಪಿ ಊದಿ ಕಿರುಚಿದ್ದರು. ಇವಳ ಸರದಿಗೆ ನಾನೊಬ್ಬನೇ ಎದ್ದು ನಿಂತು, “ಲೂಸಿಯಾ” ಎಂದು ಕೂಗಿದೆ. ದನಿ ಒಡೆದುಹೋಯಿತು. ಅವಳು ತಿರುಗಿ, ಕ್ಲೊವಿಸ್‌ನ ಕುರ್ಚಿಯ ಮುಂದೆ ನಿಂತ ನನ್ನನ್ನು ನೋಡಿ, ಸರ್ಟಿಫಿಕೇಟ್ ತೆಗೆದುಕೊಳ್ಳುವುದನ್ನೇ ಮರೆತು ನಿಂತಳು. ಹೆಡ್‌ಮೇಷ್ಟ್ರು ಎರಡು ಸಲ ಕೆಮ್ಮಬೇಕಾಯಿತು.

ಹೊರಗೆ ಬಂದ ಮೇಲೆ, “ಹಸಿವಾಗ್ತಿದೆ. ಮನೇಲಿ ಏನಿದೆ?” ಅಂದಳು.

ಮರಗೆಣಸು ಬೇಯಿಸಿ, ಒಣಮಾಂಸ ಹುರಿದಿಟ್ಟಿದ್ದೆ. ಮೇಜಿಗೆ ಕೂತಳು. ಎರಡು ತುತ್ತು ತಿಂದು, ತಟ್ಟೆ ಸರಿಸಿ, “ನಿಂಗೊಂದು ಹೇಳ್ಬೇಕು,” ಅಂದಳು. ಅರಕಾಜು ನಗರದಲ್ಲಿ ನರ್ಸಿಂಗ್ ಕಲಿಸುತ್ತಾರೆ, ಎರಡು ವರ್ಷ, ಫೆಬ್ರವರಿಯಿಂದ. ಅವಳಿಗೆ ಸೀಟು ಸಿಕ್ಕಿದೆ. ಸೋಮವಾರದಿಂದ ಶುಕ್ರವಾರದವರೆಗೆ ಅಲ್ಲೇ ಇರಬೇಕು.

“ಏನಂತೀಯ?”

ನಾನು ಕಾಫಿ ತರುವ ನೆಪದಲ್ಲಿ ಎದ್ದೆ. ಒಲೆಯ ತನಕ ಹೋದೆ. ಕಾಫಿ ಬಗ್ಗಿಸದೆ ವಾಪಸ್ ಬಂದು ಕೂತೆ.

“ನಂಗಿಷ್ಟ ಇಲ್ಲ,” ಅಂದೆ. ಅವಳ ಮುಖ ಸಣ್ಣದಾಯಿತು. “ಒಂಚೂರೂ ಇಷ್ಟ ಇಲ್ಲ. ವಾರ ಪೂರ್ತಿ ಈ ಮನೇಲಿ ಒಬ್ನೇ ಇರೋಕೆ ನಂಗೆ ಆಗಲ್ಲ, ನಾಲ್ಕು ತಿಂಗಳು ನೋಡಿದೀನಿ. ಆದ್ರೂ ಹೋಗು. ನೀನು ಹೋಗ್ಲೇಬೇಕು.”

“ಎರಡೂ ನಿಜಾನಾ?”

“ಎರಡೂ.”

ಅವಳು ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡು ಊಟ ಮುಂದುವರಿಸಿದಳು. ಕಣ್ಣು ಒರೆಸಿಕೊಂಡು ಉಪ್ಪು ಜಾಸ್ತಿ ಅಂದಳು. ಆಮೇಲೆ, “ಫೆಬ್ರವರಿವರೆಗೆ ನಾನು ಎಲ್ಲಿರ್ಬೇಕು ಅಂತ ಕೇಳಲ್ವಾ?” ಅಂದಳು. ಇಲ್ಲೇ ಇರು ಅಂದೆ.

ಕ್ರಿಸ್‌ಮಸ್ಸಿಗೆ ವಾಪಸ್ ಬರಲಿ ಎಂದು ಮೂರು ತಿಂಗಳು ಒದ್ದಾಡಿದವನು, ಬಂದ ಅರ್ಧ ಗಂಟೆಯಲ್ಲೇ ಹೋಗು ಅಂದೆ. ನನ್ನ ಬುದ್ಧಿ ನೆಟ್ಟಗಿಲ್ಲ.

ಈಗ ಇವೊನೆಟಿಯ ಮನೆಯಿಂದ ಅವಳ ಬಟ್ಟೆಬರೆ ತರಬೇಕು. ಬಣ್ಣದ ಡಬ್ಬ ಸಾಗಿಸುವ ಕೈಗಾಡಿ ಹೊರಗೆ ತೆಗೆದಿಟ್ಟಿದ್ದೇನೆ. ಅವಳು ನಿಲುವಂಗಿ ಬದಲಿಸುವಷ್ಟರಲ್ಲಿ ಇಷ್ಟು ಬರೆದೆ. ಅರಕಾಜುವಿನ ಬಸ್ಸುಗಳ ಬಗ್ಗೆ ಏನೋ ಹೇಳುತ್ತಲೇ ಗೇಟು ದಾಟಿ ಹೊರಟುಬಿಟ್ಟಿದ್ದಾಳೆ. ಪೂರ್ತಿ ಕೇಳಿಸಬೇಕಾದರೆ ನಾನೀಗ ಓಡಬೇಕು.